ಪಿತ್ತದ ಕಲ್ಲು ಒಡೆದದ್ದು

ಆ ಬೇಸಿಗೆಯಲ್ಲಿ ನಮ್ಮ ಲ್ಯಾಬಿನ ಗಾಜಿನ ತಟ್ಟೆಗಳು ಒಂದೊಂದಾಗಿ ಹಸಿರಾಗತೊಡಗಿದವು.

ಚಿತ್ರದುರ್ಗದಲ್ಲಿ ದಾನಿಗಳು ಸೇರಿ ಕಟ್ಟಿಸಿದ್ದ ಸಣ್ಣ ಆಸ್ಪತ್ರೆ ಅದು. ಹೆಸರು ಬೇಡ, ಈಗ ಅದು ಇಲ್ಲ. ಅಲ್ಲಿ ಲ್ಯಾಬಿನ ಡಾಕ್ಟರು ನಾನು. ಪಿತ್ತಕೋಶದ ಆಪರೇಶನ್ ಆದವರ ಪಿತ್ತವನ್ನು ಥಿಯೇಟರಿನಿಂದ ಪುಟ್ಟ ಬಾಟಲಿಯಲ್ಲಿ ನನ್ನ ಹತ್ತಿರ ಕಳಿಸುತ್ತಿದ್ದರು. ಅದನ್ನು ತಟ್ಟೆಯಲ್ಲಿ ಬೆಳೆಸಿ, ಒಳಗೆ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ಹೇಳುವುದು ನನ್ನ ಕೆಲಸ. ಹಿರಿಯೂರಿನ ಕಿರಾಣಿ ಅಂಗಡಿಯವರ ಪಿತ್ತ ಹಾಕಿದೆ, ತಟ್ಟೆ ಹಸಿರಾಯಿತು. ಬಬ್ಬೂರು ಫಾರಂನ ಗುಮಾಸ್ತರದೂ ಹಸಿರು. ತುರುವನೂರಿನ ಅಜ್ಜಿಯದೂ ಹಸಿರು. ಅದು ಪಿತ್ತದ ಬಣ್ಣವಲ್ಲ. ತಟ್ಟೆಯ ತುಂಬ ಹರಡುವ ನೀಲಿ ಮಿಶ್ರಿತ ಹಸಿರು, ಮುಚ್ಚಳ ತೆಗೆದರೆ ಹಳಸಿದ ದ್ರಾಕ್ಷಿಯ ವಾಸನೆ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಗುರುತು ಅದು.

ಮಹಾ ಹಟಮಾರಿ ಜೀವಿ. ಔಷಧಿ ಅದ್ದಿದ ಕಾಗದದ ಬಿಲ್ಲೆಗಳನ್ನು ತಟ್ಟೆಯ ಮೇಲೆ ಇಡುತ್ತಿದ್ದೆವು. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ವೃತ್ತ ಉಳಿಯುತ್ತದೆ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್, ಆಂಪಿಸಿಲಿನ್, ಕ್ಲೋರಾಂಫೆನಿಕಾಲ್, ಯಾವುದರ ಸುತ್ತಲೂ ವೃತ್ತವಿಲ್ಲ. ಹೊಸದಾಗಿ ಬಂದಿದ್ದ ಜೆಂಟಾಮೈಸಿನ್‌ಗೆ ಮಾತ್ರ ಬಗ್ಗುತ್ತಿತ್ತು. ಜೆಂಟಾಮೈಸಿನ್ ಒಳ್ಳೆಯ ಔಷಧಿಯೇ, ಆದರೆ ಮೂತ್ರಪಿಂಡ ಗಟ್ಟಿಯಿದ್ದವರಿಗೆ.

ನನ್ನನ್ನು ಕಾಡಿದ್ದು ಬೇರೆ ಮಾತು. ನನ್ನ ವರದಿ ಕೈಸೇರುವ ಹೊತ್ತಿಗೆ ಆ ಮೂವರೂ ಎದ್ದು ಓಡಾಡುತ್ತಿದ್ದರು. ಅವರಿಗೆ ಕೊಟ್ಟದ್ದು ಎಲ್ಲರಿಗೂ ಕೊಡುವ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್. ನನ್ನ ತಟ್ಟೆಯ ಪ್ರಕಾರ ಅವರಿಗೆ ಜ್ವರ ಏರಬೇಕಿತ್ತು. ತುರುವನೂರಿನ ಅಜ್ಜಿಯಂತೂ ಮನೆಯಿಂದ ರೊಟ್ಟಿ ಚಟ್ನಿ ತರಿಸಿಕೊಂಡು ತಿನ್ನುತ್ತಿದ್ದಳು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಬಾರದು. ಮೊದಲು ನಮ್ಮ ಲ್ಯಾಬನ್ನೇ ಜಾಲಾಡಿದೆ. ಬ್ಯಾಕ್ಟೀರಿಯಾ ಬೆಳೆಸುವ ಗಂಜಿ ಗಟ್ಟಿಯಾಗಲು ಅಗಾರ್ ಪುಡಿ ಬೇಕು. ಬೆಂಗಳೂರಿನಿಂದ ಪಾರ್ಸೆಲ್ ಬಂದಿರಲಿಲ್ಲವಾದ್ದರಿಂದ ಬಜಾರಿನಲ್ಲಿ ಸಿಗುವ ಚೀನಾ ಗ್ರಾಸ್ ತಂದು ಕುದಿಸಿ ಹಾಕುತ್ತಿದ್ದೆವು. ಎರಡೂ ಒಂದೇ ವಸ್ತು. ಆದರೂ ನನ್ನ ಅನುಮಾನ ಮೊದಲು ಹೋದದ್ದು ಅದರ ಮೇಲೆ.

ನಮ್ಮ ಲ್ಯಾಬ್ ಟೆಕ್ನಿಷಿಯನ್ ದುರ್ಗದ ಕೋಟೆ ಬುಡದ ಸಾಬರ ಮನೆತನದವರು, ನನಗಿಂತ ಹತ್ತು ವರ್ಷ ಹಿರಿಯರು. ಅವರಿಗೆ ಬೇಜಾರಾಯಿತು. "ಏನ್ ಮೇಡಂ ಹಿಂಗಂತೀರಿ? ನಮ್ಮನೇಲಿ ರಂಜಾನ್‌ಗೆ ಇದ್ರಲ್ಲೇ ಮೀಠಾ ಮಾಡಾದು. ಊರಿಗೆಲ್ಲ ಹಂಚ್ತೀವಿ. ಒಬ್ರಿಗಾದ್ರೂ ಹೊಟ್ಟೆ ಕೆಟ್ಟೈತಾ?"

"ನಿಮ್ಮ ಮೀಠಾ ಮೇಲೆ ನನಗೇನೂ ಕೋಪ ಇಲ್ಲ ಸಾಹೇಬ್ರೇ, ಖಾಲಿ ತಟ್ಟೆ ಇಟ್ಟು ನೋಡೋಣ" ಎಂದೆ. ಏನನ್ನೂ ಹಾಕದ ತಟ್ಟೆಗಳನ್ನು ಪಿತ್ತದ ತಟ್ಟೆಗಳ ಜೊತೆಯಲ್ಲೇ ಇಟ್ಟೆವು. ಅವು ಕನ್ನಡಿಯ ಹಾಗೆ ಉಳಿದವು. ಬಾಟಲಿ ತೊಳೆಯುವ ನೀರು, ಉಪ್ಪುನೀರು, ತಂತಿ, ಹತ್ತಿ, ಎಲ್ಲವನ್ನೂ ಹಾಕಿ ನೋಡಿದೆವು. ಏನೂ ಇಲ್ಲ. ಲ್ಯಾಬು ಶುದ್ಧ ಎಂದು ಸಂತೋಷಪಡಬೇಕಿತ್ತು. ಆಗಲಿಲ್ಲ. ಹಾಗಾದರೆ ಅದು ಬರುತ್ತಿರುವುದು ಎಲ್ಲಿಂದ?

ಇಷ್ಟರಲ್ಲಿ ರಾಮಗಿರಿಯಿಂದ ಒಬ್ಬ ಹೆಂಗಸನ್ನು ಕರೆತಂದರು. ಮೂವತ್ತರ ಒಳಗಿನ ವಯಸ್ಸು, ಎರಡು ಹೆಣ್ಣುಮಕ್ಕಳ ತಾಯಿ. ಬಲಪಕ್ಕೆಯ ನೋವು ತಡೆಯಲಾರದೆ ಬಸ್ಸಿನಲ್ಲಿ ಮಡಚಿಕೊಂಡೇ ಬಂದಿದ್ದಳು. ಜೊತೆಗಿದ್ದವಳು ಅವಳ ಅಕ್ಕ. ಗಂಡ ರೈಲ್ವೆಯ ಗ್ಯಾಂಗಿನಲ್ಲಿ ಕೆಲಸ, ಡ್ಯೂಟಿ ಬೀರೂರಿನ ಕಡೆ, ರಜೆ ಸಿಕ್ಕಿರಲಿಲ್ಲ. ಪಿತ್ತಕೋಶ ಊದಿ ಕೀವಿನ ಚೀಲದಂತಾಗಿತ್ತು. ಬಿಡಿಸುವಾಗ ಸ್ವಲ್ಪ ಪಿತ್ತ ಹೊಟ್ಟೆಯೊಳಗೆ ಚೆಲ್ಲಿತು ಎಂದು ನಮ್ಮ ಸರ್ಜನ್ನರು ಆಮೇಲೆ ಹೇಳಿದರು. ಒಳಗೆ ಇದ್ದದ್ದು ಒಂದೇ ಕಲ್ಲು, ನೆಲ್ಲಿಕಾಯಿಯಷ್ಟು ದಪ್ಪದ್ದು.

ಅವಳ ಪಿತ್ತವೂ ಲ್ಯಾಬಿಗೆ ಬಂತು. ತಟ್ಟೆ ಹಸಿರಾಯಿತು.

ಈ ಸಲ ರೋಗಿ ಎದ್ದು ಓಡಾಡಲಿಲ್ಲ. ಆಪರೇಶನ್ನಿನ ಮರುದಿನವೇ ಚಳಿ ನಡುಕ, ಜ್ವರ. ಎರಡನೆಯ ದಿನ ಹೊಟ್ಟೆ ಉಬ್ಬರಿಸಿತು. ಕೀವು ಹೊರಗೆ ಹರಿಯಲೆಂದು ಒಳಗೆ ಇಟ್ಟಿದ್ದ ರಬ್ಬರ್ ಪಟ್ಟಿಯಿಂದ ಹನಿಯೂ ಬರಲಿಲ್ಲವೆಂದು ಅದನ್ನು ತೆಗೆದರು. ಮೂರನೆಯ ದಿನಕ್ಕೆ ಮೂತ್ರ ಕಡಿಮೆಯಾಯಿತು. ವಾರ್ಡಿನ ಸಿಸ್ಟರ್ ಅಳತೆ ಪಾತ್ರೆ ಎತ್ತಿ ತೋರಿಸಿದಾಗ ತಳದಲ್ಲಿ ಕಾಫಿ ಡಿಕಾಕ್ಷನ್ನಿನಂಥ ಒಂದಿಷ್ಟು ಇತ್ತು, ಅಷ್ಟೆ. ರಕ್ತದ ಯೂರಿಯಾ ನೋಡಿದೆ, ಏರುತ್ತಿತ್ತು, ಮೂತ್ರಪಿಂಡ ಸೋಲುತ್ತಿರುವ ಗುರುತು.

ಸರ್ಜನ್ನರು ನನ್ನ ವರದಿ ಓದಿದರು, ತಲೆ ಆಡಿಸಿದರು, ದಾವಣಗೆರೆಗೆ ಆಳು ಕಳಿಸಿ ಜೆಂಟಾಮೈಸಿನ್ ತರಿಸಿದರು. ಅವರು ಮೈಸೂರು ಕಡೆಯವರು, ವಯಸ್ಸಾದವರು, ಮಾತು ಕಡಿಮೆ. ಅವರ ದೃಷ್ಟಿಯಲ್ಲಿ ತಪ್ಪೇನಿರಲಿಲ್ಲ. ಪೆನಿಸಿಲಿನ್ ನಾಟಿಲ್ಲ, ಲ್ಯಾಬು ಹಾದಿ ತೋರಿಸಿದೆ, ಆ ಹಾದಿ ಹಿಡಿಯಬೇಕು. ಅಂದು ಮಧ್ಯಾಹ್ನದಿಂದ ಇಂಜೆಕ್ಷನ್ ಶುರು ಎಂದು ಕೇಸ್ ಶೀಟಿನಲ್ಲಿ ಬರೆದರು.

ನಾನು ಇನ್ನೊಮ್ಮೆ ರಕ್ತ ತೆಗೆಯಲು ವಾರ್ಡಿಗೆ ಹೋದೆ. ರಕ್ತದಲ್ಲೂ ಬ್ಯಾಕ್ಟೀರಿಯಾ ಹುಡುಕಬಹುದು, ಆದರೆ ಅದು ಉತ್ತರ ಕೊಡಲು ದಿನಗಳು ಬೇಕು, ನಮ್ಮ ಬಳಿ ಅಷ್ಟು ದಿನ ಇರಲಿಲ್ಲ. ಸೂಜಿ ಚುಚ್ಚಿದಾಗ ಅವಳು ಕಣ್ಣು ಬಿಡಲೂ ಇಲ್ಲ. ಅಕ್ಕ ಮಂಚದ ಕೆಳಗೆ ಕೂತಿದ್ದಳು. ಸೆರಗಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡು ಅದನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಏನಮ್ಮ ಅದು?"

"ಕಲ್ಲು ಡಾಕ್ಟ್ರಮ್ಮ. ಇವ್ಳ ಹೊಟ್ಟೇಲಿದ್ದಿದ್ದು." ಗಂಟು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದಳು. ಕಂದು ಬಣ್ಣದ ಕಲ್ಲು, ನಯವಾಗಿ ಹೊಳೆಯುತ್ತಿತ್ತು. "ನೋಡ್ರಿ ಎಷ್ಟು ಸೊಚ್ಚ ಐತೆ. ಆಯಮ್ಮ ನನ್ನ ಕಣ್ಮುಂದೆನೇ ಕೊಯ್ದು, ತೊಳ್ದು ಕೊಟ್ಲು."

ನನ್ನ ಕೈ ಅಲ್ಲೇ ನಿಂತಿತು. "ತೊಳೆದು ಕೊಟ್ಲಾ? ಎಲ್ಲಿ?"

"ಅಲ್ಲೇ, ಆಪರೇಶನ್ ಬಾಕ್ಲತ್ರ. ಬೇಸನ್ನಾಗೆ."

ಆಪರೇಶನ್ ಆದಮೇಲೆ ಕಲ್ಲನ್ನು ಮನೆಯವರಿಗೆ ತೋರಿಸುವ ಪದ್ಧತಿ ಇದೆ ಎಂದು ನನಗೆ ಗೊತ್ತಿತ್ತು. ಕುಟುಂಬ ಯೋಜನೆಯ ಆಪರೇಶನ್ನಿಗೆ ಜನರನ್ನು ಕರೆದೊಯ್ಯಲು ಊರೂರಿಗೆ ಜೀಪು ಬರುತ್ತಿದ್ದ ಕಾಲ ಅದು. ಹೊಟ್ಟೆ ಕೊಯ್ಯುತ್ತೇವೆ ಎಂದರೆ ಸಾಕು, 'ಇವರು ಒಳಗೊಳಗೇ ಆ ಆಪರೇಶನ್ ಮಾಡಿ ಕಳಿಸುತ್ತಾರೆ' ಎಂದು ಜನ ಹೆದರುತ್ತಿದ್ದರು. ಹಿರಿಯೂರಿನ ಕಡೆಯವರೊಬ್ಬರು ಥಿಯೇಟರ್ ಬಾಗಿಲಲ್ಲೇ ಗಲಾಟೆ ಮಾಡಿದ ಮೇಲೆ ಸರ್ಜನ್ನರು ಈ ಉಪಾಯ ಹೂಡಿದ್ದರು. ತೆಗೆದ ಪಿತ್ತಕೋಶವನ್ನು ಬಾಗಿಲಿಗೆ ತಂದು, ಮನೆಯವರ ಎದುರಿಗೇ ಕೊಯ್ದು, ಕಲ್ಲು ಅವರ ಕೈಗೆ ಕೊಡುವುದು. ಆಮೇಲೆ ಗಲಾಟೆ ನಿಂತಿತು. ಪದ್ಧತಿ ಗೊತ್ತಿತ್ತು, ಆದರೆ ಕೊಯ್ಯುವುದು ಹೇಗೆ, ತೊಳೆಯುವುದು ಎಲ್ಲಿ, ನನ್ನ ಬಾಟಲಿಗೆ ಪಿತ್ತ ತುಂಬುವುದು ಅದಕ್ಕೆ ಮುಂಚೆಯೋ ಆಮೇಲೋ ಎಂದು ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ರಕ್ತದ ಸಿರಿಂಜನ್ನು ಜೊತೆಗೆ ಬಂದಿದ್ದ ಟೆಕ್ನಿಷಿಯನ್ನರ ಕೈಗೆ ಕೊಟ್ಟು ಸೀದಾ ಥಿಯೇಟರಿಗೆ ಹೋದೆ. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಎನಾಮಲ್ ಬೇಸಿನ್ ಇತ್ತು. ಅದರಲ್ಲಿ ಕ್ರಿಮಿ ಕೊಲ್ಲುವ ಲೋಷನ್ ಬೆರೆಸಿದ ಮಸಕು ನೀರು, ನೀರಿನಲ್ಲಿ ಮುಳುಗಿದ್ದ ಒಂದು ಕತ್ತರಿ. ಥಿಯೇಟರ್ ಆಯಮ್ಮ ನಗುತ್ತ ಬಂದಳು. ಮಾಡುವುದನ್ನೆಲ್ಲ ಅಡಗಿಸದೆ ತೋರಿಸಿದಳು. ಈ ಕತ್ತರಿಯಿಂದ ಕೊಯ್ಯುವುದು, ಕಲ್ಲನ್ನು ಈ ನೀರಿನಲ್ಲಿ ಅಲುಬುವುದು, ಕೈ ಒದ್ದೆಯಿರುವಾಗಲೇ ಟ್ರೇಯಲ್ಲಿ ಉಳಿದ ಪಿತ್ತವನ್ನು ನನ್ನ ಬಾಟಲಿಗೆ ಬಗ್ಗಿಸುವುದು.

"ಈ ನೀರು ಯಾವಾಗ ಚೆಲ್ತೀಯಮ್ಮ?"

"ಚೆಲ್ಲಾದ್ಯಾಕ್ರಿ ಮೇಡಂ? ಲೋಷನ್ ಐತಲ್ಲ. ಕಮ್ಮಿ ಆದಂಗೆಲ್ಲ ಮೇಲೆ ಒಂಚೂರು ನೀರು, ಒಂಚೂರು ಲೋಷನ್ ಹಾಕ್ತೀನಿ. ಈ ಬ್ಯಾಸಿಗ್ಯಾಗೆ ನೀರು ಚೆಲ್ಲಿದ್ರೆ ದೇವ್ರು ಮೆಚ್ತಾನಾ?"

ದುರ್ಗದ ಬೇಸಿಗೆ ಕಂಡವರಿಗೆ ಈ ಮಾತು ಅರ್ಥವಾಗುತ್ತದೆ. ಮುಖ ತೊಳೆದ ನೀರನ್ನು ಗಿಡಕ್ಕೆ ಹಾಕುವ ಊರು ಇದು. ಔಷಧಿ ಬೆರೆತ ನೀರನ್ನು ಚೆಲ್ಲುವುದು ಅವಳಿಗೆ ಪಾಪ. ಆದರೆ ತೆಳುವಾದ ಹಳೆಯ ಲೋಷನ್ನಿನಲ್ಲಿ ಉಳಿದೆಲ್ಲ ಕ್ರಿಮಿ ಸತ್ತರೂ ಸೂಡೊಮೊನಾಸ್ ಮಾತ್ರ ಸಾಯುವುದಿಲ್ಲ, ಅದರಲ್ಲೇ ಸಂಸಾರ ಹೂಡುತ್ತದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಎಲ್ಲರಿಗೂ ಗೊತ್ತು. ಅವತ್ತು ಯಾರ ಮೇಲೆ ಕೋಪಿಸಿಕೊಳ್ಳಬೇಕೋ ತಿಳಿಯಲಿಲ್ಲ. ಬೇಸಿನ್ ನೀರನ್ನು ಒಂದು ಬಾಟಲಿಗೆ ತುಂಬಿಕೊಂಡು ಹೊರಟೆ.

ಸರ್ಜನ್ನರು ತಮ್ಮ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಮೇಜಿನ ಮೇಲೆ ಜೆಂಟಾಮೈಸಿನ್ನಿನ ಪುಟ್ಟ ಸೀಸೆಗಳು ಸಾಲಾಗಿದ್ದವು.

"ಸರ್, ಇದನ್ನ ಇವತ್ತು ಕೊಡಬೇಡಿ. ನನ್ನ ರಿಪೋರ್ಟನ್ನ ವಾಪಸ್ ತಗೋತೀನಿ."

ಅವರು ಲೋಟ ಕೆಳಗಿಟ್ಟರು. "ಡಾಕ್ಟರಮ್ಮ, ನಿಮ್ಮ ರಿಪೋರ್ಟನ್ನ ನೀವೇ ನಂಬಲ್ಲ ಅಂದ್ರೆ ನಾನು ಏನನ್ನ ನಂಬಲಿ?"

ಬೇಸಿನ್ನಿನ ಕಥೆ ಹೇಳಿದೆ. ಅವರ ಮುಖ ಸಪ್ಪಗಾಯಿತು, ಆದರೆ ಒಪ್ಪಲಿಲ್ಲ. "ಬೇಸಿನ್‌ನಲ್ಲಿ ಇರಬಹುದು. ಅವಳ ಹೊಟ್ಟೆಯಲ್ಲೂ ಅದೇ ಇಲ್ಲ ಅಂತ ಹೇಗೆ ಹೇಳ್ತೀರಿ? ಕಾಯ್ತಾ ಕೂತು ಅವಳು ಹೋದರೆ?"

"ಇದನ್ನ ಕೊಟ್ಟು ಮೂತ್ರ ಪೂರ್ತಿ ನಿಂತುಹೋದರೆ? ಈಗಲೇ ಅರ್ಧ ನಿಂತಿದೆ."

ಇತ್ತ ದರಿ, ಅತ್ತ ಪುಲಿ. ಅವರು ಹೇಳಿದ್ದು ಸರಿಯಾಗಿತ್ತು. ನನ್ನ ವರದಿ ಸುಳ್ಳು ಎಂದರಷ್ಟೇ ಸಾಲದು, ನಿಜ ಯಾವುದು ಎಂದು ನಾನು ತೋರಿಸಬೇಕಿತ್ತು. ತೋರಿಸಲು ಪಿತ್ತ ಎಲ್ಲಿದೆ? ಬಾಟಲಿಯಲ್ಲಿದ್ದದ್ದು ಕೆಟ್ಟಿತ್ತು. ಪಿತ್ತಕೋಶ ಫಾರ್ಮಾಲಿನ್‌ನಲ್ಲಿ ಬಿದ್ದಿತ್ತು, ಅಲ್ಲಿ ಯಾವ ಜೀವವೂ ಉಳಿಯದು. ಆಗ ಆ ಸೆರಗಿನ ಗಂಟು ನೆನಪಾಯಿತು.

ಕಂದು ಬಣ್ಣದ ಪಿತ್ತದ ಕಲ್ಲು ಪದರ ಪದರವಾಗಿ ಬೆಳೆಯುತ್ತದೆ. ಬೆಳೆಯುವಾಗ ಪಿತ್ತದಲ್ಲಿದ್ದ ಬ್ಯಾಕ್ಟೀರಿಯಾವನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಬೇಸಿನ್ ನೀರು ತಾಗಿದ್ದು ಹೊರಮೈಗೆ ಮಾತ್ರ. ಹೊರಮೈಯನ್ನು ಸುಟ್ಟು ತೊಳೆದು, ಒಡೆದು, ನಡುವಿನ ತಿರುಳನ್ನು ಬೆಳೆಸಿದರೆ ಅವಳ ಹೊಟ್ಟೆಯಲ್ಲಿದ್ದದ್ದು ಏನೆಂದು ತಿಳಿಯಬಹುದು. ಬಹುದು, ಅಷ್ಟೆ. ತಿರುಳಿನಲ್ಲಿ ಏನೂ ಇರದೆಯೂ ಹೋಗಬಹುದು.

ಸರ್ಜನ್ನರು ಕಿಟಕಿಯಾಚೆ ನೋಡುತ್ತ ಕೇಳಿದರು. "ಎಷ್ಟು ಹೊತ್ತು ಬೇಕು?"

"ಬಿಲ್ಲೆಗಳನ್ನ ನೇರವಾಗಿ ಇಟ್ಟುಬಿಡ್ತೀನಿ. ನಾಳೆ ಬೆಳಿಗ್ಗೆಗೆ ಗೊತ್ತಾಗುತ್ತೆ. ಅಲ್ಲಿವರೆಗೆ ಆಂಪಿಸಿಲಿನ್ ಕೊಡಿ. ಅದು ಪಿತ್ತದಲ್ಲಿ ಚೆನ್ನಾಗಿ ಸೇರುತ್ತೆ, ಮೂತ್ರಪಿಂಡಕ್ಕೆ ಹೊಡೆತ ಇಲ್ಲ."

"ನಾಳೆ ಬೆಳಿಗ್ಗೆ. ಅಷ್ಟರಲ್ಲಿ ಅವಳು ಇನ್ನೂ ಇಳಿದರೆ ನಿಮ್ಮನ್ನ ಕೇಳಲ್ಲ, ಇದನ್ನ ಚುಚ್ಚಿಬಿಡ್ತೀನಿ." ಕೇಸ್ ಶೀಟಿನಲ್ಲಿ ಜೆಂಟಾಮೈಸಿನ್ ಹೊಡೆದುಹಾಕಿ ಆಂಪಿಸಿಲಿನ್ ಎಂದು ಬರೆದರು. ಲ್ಯಾಬಿನ ವರದಿಯ ಮೇಲೆ 'ನಂಬಲರ್ಹವಲ್ಲ' ಎಂದು ನನ್ನ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡರು.

ಕಲ್ಲು ಕೇಳಿದರೆ ಅಕ್ಕ ತಟ್ಟನೆ ಕೊಡುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗನ್ನು ಎದೆಗೆ ಅವುಚಿಕೊಂಡಳು.

"ನೋಡಾಕಾದ್ರೆ ನೋಡ್ರಿ. ಒಡಿಯಾಕೆ ಕೊಡಂಗಿಲ್ಲ."

"ಯಾಕಮ್ಮ? ಕಲ್ಲಿಗಿಂತ ತಂಗಿ ಹೆಚ್ಚಲ್ವಾ?"

"ತಂಗಿ ಸಲ್ವಾಗೇ ಇಟ್ಕಂಡಿರಾದು ಡಾಕ್ಟ್ರಮ್ಮ." ಧ್ವನಿ ತಗ್ಗಿಸಿದಳು. "ಇವ್ಳ ಗಂಡ ಹೇಳಿ ಕಳ್ಸ್ಯಾನೆ. 'ಹೊಟ್ಟೆ ಕೊಯ್ಸ್ಕಂಡು ಬರಾದಾದ್ರೆ ಕಲ್ಲು ತಗಂಡು ಬರ್ಲಿ. ಕಲ್ಲಿಲ್ದೆ ಬಂದ್ರೆ ತೌರಿಗೇ ಹೋಗ್ಲಿ' ಅಂತ. ಅವ್ರಮ್ಮಂಗೆ ಗಂಡು ಮೊಮ್ಮಗ ಬೇಕಂತೆ. ಮಕ್ಳಾಗದ ಆಪರೇಶನ್ ಮಾಡ್ಸ್ಕಂಡು ಬಂದ್ಲು ಅಂತ ಕೇರಿಯಾಗೆಲ್ಲ ಆಗ್ಲೇ ಮಾತೈತೆ."

"ಗಾಯ ಎಲ್ಲಿದೆ ನೋಡಿದ್ರೇ ಗೊತ್ತಾಗಲ್ವಾ? ಇದು ಪಕ್ಕೆ ಕೆಳಗೆ. ಅದು ಹೊಕ್ಕಳ ಕೆಳಗೆ."

ಅವಳು ನನ್ನನ್ನು ಏನೂ ಅರಿಯದವಳನ್ನು ನೋಡುವಂತೆ ನೋಡಿದಳು. "ಒಳಗೆ ಕೈ ಹಾಕಿದ್ಮ್ಯಾಲೆ ಕೈ ಯಾವ ಕಡೆಗಾದ್ರೂ ಹೋಗ್ತೈತೆ ಅಂತಾರೆ ರೀ."

ನಾನು ಮಂಚದ ಅಂಚಿನಲ್ಲಿ ಕೂತೆ. ಸುಳ್ಳು ಧೈರ್ಯ ಹೇಳಬಾರದು ಅನ್ನಿಸಿತು. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಒಡೆದರೂ ಉಳಿಯುತ್ತಾಳೆ ಎಂಬ ಭರವಸೆಯಿಲ್ಲ. ಒಡೆಯದಿದ್ದರೆ ನಾವು ಕಣ್ಣು ಕಟ್ಟಿಕೊಂಡು ಔಷಧಿ ಹಾಕಬೇಕು. ಒಡೆದ ಮೇಲೆ ಅದು ಪುಡಿ, ಮತ್ತೆ ಕಲ್ಲಾಗುವುದಿಲ್ಲ.

ಅವಳು ತಂಗಿಯ ಹಣೆ ಮುಟ್ಟಿ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಗಂಟು ಬಿಚ್ಚಿದಳು. ಬೆರಳಿಗೆ ಗಂಟು ಸಿಗಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದಳು.

"ತಗಳ್ರಿ. ಇವ್ಳು ಉಳುದ್ರೆ ಎಂಗೋ ಬಾಳ್ತಾಳೆ. ಉಳೀದಿದ್ರೆ ಈ ಕಲ್ಲು ತಗಂಡು ನಾನೇನ್ ಮಾಡ್ಲಿ?"

ಲ್ಯಾಬಿನಲ್ಲಿ ನಾನು ಹೇಳಿಕಳಿಸಿದಂತೆ ಟೆಕ್ನಿಷಿಯನ್ನರು ಆಗಲೇ ಒರಳು, ಕುಟ್ಟಾಣಿ, ಇಕ್ಕಳ ಎಲ್ಲ ಬೇಯಿಸಿ ಇಟ್ಟಿದ್ದರು. ಕಲ್ಲನ್ನು ಇಕ್ಕಳದಲ್ಲಿ ಹಿಡಿದು ಸ್ಪಿರಿಟ್ಟಿನಲ್ಲಿ ಅದ್ದಿ ಉರಿಗೆ ಹಿಡಿದೆ. ನೀಲಿ ಜ್ವಾಲೆ ಒಮ್ಮೆ ಸುತ್ತಿ ಆರಿತು. ಹೆಚ್ಚು ಸುಟ್ಟರೆ ತಿರುಳೂ ಬೇಯುತ್ತದೆ, ಕಡಿಮೆ ಸುಟ್ಟರೆ ಬೇಸಿನ್ನಿನ ಸೂಡೊಮೊನಾಸ್ ಉಳಿಯುತ್ತದೆ. ಮತ್ತೆ ಅದ್ದಿದೆ, ಮತ್ತೆ ಹಿಡಿದೆ. ಆಮೇಲೆ ಶುದ್ಧ ಉಪ್ಪುನೀರಿನಲ್ಲಿ ತೊಳೆದೆ. ಕೊನೆಗೆ ತೊಳೆದ ನೀರನ್ನು ಚೆಲ್ಲದೆ ಒಂದು ತಟ್ಟೆಗೆ ಹಾಕಿದೆ. ಆ ತಟ್ಟೆ ಖಾಲಿ ಉಳಿದರೆ ಮಾತ್ರ ಹೊರಮೈ ಸತ್ತಿದೆ ಎಂದು ಹೇಳಬಹುದು.

"ಹೊಡೀರಿ ಸಾಹೇಬ್ರೇ" ಎಂದೆ. ಅವರು 'ಬಿಸ್ಮಿಲ್ಲಾ' ಎಂದು ಕುಟ್ಟಾಣಿ ಎತ್ತಿದರು. ಕಲ್ಲು ಬೆಲ್ಲದ ಹಾಗೆ ಮೆತ್ತಗೆ ಒಡೆಯಿತು. ಒಳಗೆ ಮಣ್ಣಿನ ಬಣ್ಣದ ಪುಡಿಪುಡಿ ತಿರುಳು. ಅದನ್ನಷ್ಟೇ ಆರಿಸಿ ಅರೆದು, ಮೂರು ತಟ್ಟೆಗೆ ಹಚ್ಚಿ, ಎರಡರ ಮೇಲೆ ಬಿಲ್ಲೆ ಇಟ್ಟೆ. ಬೇಸಿನ್ ನೀರಿಗೆ ಇನ್ನೊಂದು ತಟ್ಟೆ. ಎಲ್ಲವನ್ನೂ ಇನ್‌ಕ್ಯುಬೇಟರಿಗೆ ಸೇರಿಸಿ ಬಾಗಿಲು ಹಾಕಿದೆ.

ಆಗ ಕರೆಂಟು ಹೋಯಿತು.

ಇನ್‌ಕ್ಯುಬೇಟರ್ ಎಂದರೆ ತಟ್ಟೆಗಳನ್ನು ಮೈಬಿಸಿಯಲ್ಲೇ ಇಡುವ ವಿದ್ಯುತ್ ಪೆಟ್ಟಿಗೆ. ಕರೆಂಟಿಲ್ಲದಿದ್ದರೆ ಅದು ಬರೀ ಬೀರು. ಹಗಲಿನಲ್ಲಿ ಚಿಂತೆಯಿಲ್ಲ, ದುರ್ಗದ ಬಂಡೆಗಳ ಬಿಸಿಲಿಗೆ ನಮ್ಮ ಲ್ಯಾಬೇ ಇನ್‌ಕ್ಯುಬೇಟರ್. ಆದರೆ ಹೊತ್ತು ಮುಳುಗಿದರೆ ತಣ್ಣಗಾಗುತ್ತದೆ. ಕರೆಂಟು ಯಾವಾಗ ಬರುತ್ತದೆ ಎಂದು ಕೇಳಲು ಹೋದ ಆಸ್ಪತ್ರೆಯ ಆಳು 'ಲೈನ್ ಕಡ್ದೈತಂತೆ, ನಾಳೆ ನೋಡಾಣ ಅಂದ್ರು' ಎಂಬ ಉತ್ತರ ತಂದ. ತಟ್ಟೆಗಳನ್ನು ತಗಡಿನ ಟ್ರಂಕಿಗೆ ಹಾಕಿ, ಅಕ್ಕಪಕ್ಕ ಬಿಸಿನೀರಿನ ರಬ್ಬರ್ ಚೀಲ ಇಟ್ಟು, ನಡುವೆ ಥರ್ಮಾಮೀಟರ್ ಸಿಕ್ಕಿಸಿ, ಮೇಲೆ ದಪ್ಪನೆಯ ಚಳ್ಳಕೆರೆ ಕಂಬಳಿ ಹೊದಿಸಿದೆವು. ನೀರು ಆರಿದ ಹಾಗೆಲ್ಲ ಸರದಿಯ ಮೇಲೆ ಬದಲಾಯಿಸಿದೆವು. ಬಾಣಂತಿಯ ಕೂಸನ್ನೂ ನಾನು ಅಷ್ಟು ಜೋಪಾನ ಮಾಡಿದವಳಲ್ಲ.

ವಾರ್ಡಿನಿಂದ ಬರುತ್ತಿದ್ದ ಸುದ್ದಿ ಒಂದೇ. ಜ್ವರ ಹಾಗೇ ಇದೆ. ಮೂತ್ರ ಅಷ್ಟಕ್ಕಷ್ಟೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನನ್ನ ಮಾತು ಕೇಳಿ ಒಂದು ಔಷಧಿ ನಿಲ್ಲಿಸಿದ್ದಾರೆ ಎಂಬ ಯೋಚನೆ ಕುತ್ತಿಗೆಗೆ ಕಟ್ಟಿದ ಗುಂಡುಕಲ್ಲಿನಂತಿತ್ತು. ನನಗೆ ಭಯವಾಗಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಬೆಳಗಾದ ಮೇಲೆ ಸರ್ಜನ್ನರು ಸೀದಾ ಲ್ಯಾಬಿಗೇ ಬಂದರು. ಅವರ ಕೋಟಿನ ಜೇಬಿನಲ್ಲಿ ಸೀಸೆ ಇತ್ತು, ಕಾಣುತ್ತಿತ್ತು. ಟ್ರಂಕು ತೆರೆದೆ. ಮೊದಲು ತೆಗೆದದ್ದು ಬೇಸಿನ್ ನೀರಿನ ತಟ್ಟೆ. ಹಸಿರು. ಮುಚ್ಚಳ ಎತ್ತುವ ಮೊದಲೇ ದ್ರಾಕ್ಷಿ ವಾಸನೆ. ಎರಡನೆಯದು ಕಲ್ಲನ್ನು ತೊಳೆದ ನೀರಿನದು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ, ಒಂದು ಚುಕ್ಕೆಯೂ ಇಲ್ಲ. ಮೂರನೆಯದು ತಿರುಳಿನದು. ಅದನ್ನು ತೆರೆಯುವಾಗ ನನ್ನ ಬೆರಳು ಜಾರಿತು, ಟೆಕ್ನಿಷಿಯನ್ನರು ಹಿಡಿದುಕೊಂಡರು.

ತಟ್ಟೆಯ ಮೇಲೆ ಕೆಂಗುಲಾಬಿ ಬಣ್ಣದ ಚುಕ್ಕೆಗಳು, ದಾಳಿಂಬೆ ಬೀಜ ಚೆಲ್ಲಿದ ಹಾಗೆ. ಹಸಿರು ಒಂದಿಷ್ಟೂ ಇಲ್ಲ. ಅದು ಇ-ಕೊಲೈ, ಎಲ್ಲರ ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾ, ಅಲ್ಲಿಂದ ಪಿತ್ತಕ್ಕೆ ಹತ್ತಿದ್ದು. ಬಿಲ್ಲೆಗಳನ್ನು ನೋಡಿದೆವು. ಪೆನಿಸಿಲಿನ್ ಸುತ್ತ ದಟ್ಟ ಬೆಳೆ. ಸ್ಟ್ರೆಪ್ಟೊಮೈಸಿನ್ ಸುತ್ತಲೂ ಅದೇ. ಅವಳಿಗೆ ಮೂರು ದಿನ ಕೊಟ್ಟದ್ದು ನೀರಿಗೆ ಸಮ. ಆಂಪಿಸಿಲಿನ್ ಬಿಲ್ಲೆಯ ಸುತ್ತ ಅಗಲವಾದ ಖಾಲಿ ವೃತ್ತ.

ಸರ್ಜನ್ನರು ತಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು ತುಂಬ ಹೊತ್ತು ನೋಡಿದರು. ಜೇಬಿನಿಂದ ಸೀಸೆ ತೆಗೆದು ನನ್ನ ಮೇಜಿನ ಮೇಲೆ ಇಟ್ಟು ವಾರ್ಡಿಗೆ ಹೋಗಿ ಆಂಪಿಸಿಲಿನ್ ಪ್ರಮಾಣ ಏರಿಸಿದರು. ನಾನು ಒರಳಿನ ಪಕ್ಕ ಕೂತು ಅತ್ತುಬಿಟ್ಟೆ. ಟೆಕ್ನಿಷಿಯನ್ನರು ನೋಡದವರಂತೆ ಟ್ರಂಕಿನ ಕಂಬಳಿ ಮಡಿಸುತ್ತ ನಿಂತರು.

ಅಂದು ಸಂಜೆ ಜ್ವರ ಒಂದಿಷ್ಟು ಇಳಿಯಿತು. ಮರುದಿನ ಸಿಸ್ಟರ್ ಅಳತೆ ಪಾತ್ರೆಯನ್ನು ಲ್ಯಾಬಿನ ತನಕ ಹೊತ್ತು ತಂದು ತೋರಿಸಿದಳು. ನನ್ನ ಜೀವಮಾನದಲ್ಲಿ ಒಂದು ಪಾತ್ರೆ ಮೂತ್ರ ಕಂಡು ಅಷ್ಟು ಸಂತೋಷಪಟ್ಟದ್ದಿಲ್ಲ.

ಬೇಸಿನ್ ಹೋಯಿತು. ಆದರೆ ಕಲ್ಲು ತೋರಿಸುವುದನ್ನು ನಿಲ್ಲಿಸಿ ಎಂದು ನಾನು ಹಟ ಹಿಡಿದಾಗ ಸರ್ಜನ್ನರು ಒಪ್ಪಲಿಲ್ಲ. ಎರಡು ವಾರ ನಿಲ್ಲಿಸಿ ನೋಡಿದರು, ಹೊಸದುರ್ಗದಿಂದ ಬಂದಿದ್ದ ಇಬ್ಬರು ಆಪರೇಶನ್ನೇ ಬೇಡವೆಂದು ಬಸ್ಸು ಹತ್ತಿ ಹೋದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೊನೆಗೆ ಒಂದು ಕ್ರಮ ಮಾಡಿದೆವು. ಹೊಟ್ಟೆ ತೆರೆದ ಕೂಡಲೇ, ಪಿತ್ತಕೋಶವನ್ನು ಬಿಡಿಸುವ ಮೊದಲೇ, ಸೂಜಿಯಿಂದ ಪಿತ್ತ ಹೀರಿ ನನ್ನ ಬಾಟಲಿಗೆ. ಆಮೇಲೆ ಬಾಗಿಲಿನ ಪ್ರದರ್ಶನ. ಅದಾದ ಮೇಲೆ ನನ್ನ ತಟ್ಟೆಗಳಲ್ಲಿ ಹಸಿರು ಅಪರೂಪವಾಯಿತು. ಎಷ್ಟೋ ಜನರ ಪಿತ್ತದಲ್ಲಿ ಏನೂ ಬೆಳೆಯಲಿಲ್ಲ, ಬೆಳೆದವರಲ್ಲಿ ಹೆಚ್ಚಾಗಿ ಅದೇ ಕೆಂಗುಲಾಬಿ ಚುಕ್ಕೆ.

ರಾಮಗಿರಿಯವಳು ಮನೆಗೆ ಹೊರಡುವ ದಿನ ಕಲ್ಲಿನ ಪುಡಿಯನ್ನು ಬೇಯಿಸಿ, ಒಣಗಿಸಿ, ಪೊಟ್ಟಣ ಕಟ್ಟಿ ಅಕ್ಕನ ಕೈಗೆ ಕೊಟ್ಟೆ. ಜೊತೆಗೆ ಸರ್ಜನ್ನರು ಒಂದು ಚೀಟಿ ಬರೆದುಕೊಟ್ಟರು. ತಿಂಗಳಾದ ಮೇಲೆ ಗಾಯ ತೋರಿಸಲು ಬಂದಾಗ ಅಕ್ಕ ಒಬ್ಬಳೇ ಮಾತಾಡಿದಳು. ತಂಗಿ ಗೋಡೆ ನೋಡುತ್ತ ನಿಂತಿದ್ದಳು.

"ಪುಡಿ ತೋರಿಸ್ದೆ ಡಾಕ್ಟ್ರಮ್ಮ. 'ಒಲೆ ಬೂದಿ ಕಟ್ಕಂಡು ಬಂದೀರಾ' ಅಂದ. ಚೀಟಿ ತೋರಿಸ್ದೆ. 'ಬರ್ದೋರೇ ಕೊಯ್ದೋರಲ್ವಾ' ಅಂದ. ಈಗ ನಮ್ಮನೇಲೇ ಅದಾಳೆ."

ನನಗೆ ಮೈ ಉರಿಯಿತು. ಅವನನ್ನು ಕರೆಸಿ ಬೈಯಬೇಕೆಂದುಕೊಂಡೆ. ಅಕ್ಕನೇ ತಡೆದಳು. "ನೀವು ಬೈದ್ರೆ ಅವ್ನು ಇನ್ನೂ ಬಿಗಿತಾನೆ. ಬಿಡ್ರಿ. ಜೀವ ಐತಲ್ಲ, ಅದೇ ಸಾಕು." ಸಾಕು ಎಂದವಳ ಮುಖದಲ್ಲಿ ಸಾಕೆನ್ನುವುದೇನೂ ಇರಲಿಲ್ಲ. ಆ ಕಲ್ಲು ಒಡೆಯದೆ ಬೇರೆ ದಾರಿಯಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇರಲಿಲ್ಲ. ಹಾಗೆಂದು ಮನಸ್ಸು ಸುಮ್ಮನಾಗಲಿಲ್ಲ.

ಆಮೇಲೆ ಅವರು ಬರಲಿಲ್ಲ. ಕೇರಿಯ ಹಿರಿಯರು ಸೇರಿ ಹೇಳಿ ಗಂಡ ಹೆಂಡತಿಯನ್ನು ಒಂದು ಮಾಡಿದರೆಂದು ಯಾರಿಂದಲೋ ಕೇಳಿದೆ. ಮರುವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ತಟ್ಟೆಗಳನ್ನು ನೋಡುತ್ತಿದ್ದಾಗ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತರು. ಅಕ್ಕನ ಗುರುತು ಸಿಕ್ಕಿತು. ಮೈಕೈ ತುಂಬಿಕೊಂಡಿದ್ದ ಇನ್ನೊಬ್ಬಳದು ಸಿಗಲಿಲ್ಲ. ಅವಳ ತೋಳಿನಲ್ಲಿ ಬಟ್ಟೆ ಸುತ್ತಿದ ಕೂಸು.

ಅವಳೇ ಆ ತಂಗಿ, ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಕಲ್ಲು ತೋರ್ಸಾಕೆ ಬಂದೆ ಡಾಕ್ಟ್ರಮ್ಮ" ಎಂದು ಕೂಸನ್ನು ನನ್ನ ಮೇಜಿನ ಮೇಲೆ ಮಲಗಿಸಿದಳು.

ಮೂರನೆಯದೂ ಹೆಣ್ಣು. ಅಕ್ಕ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಅವನೆಲ್ಲಿ?"

"ಬಂದದಾನೆ. ಹೊರಗೆ ನಿಂತದಾನೆ. ಒಳಗೆ ಬರಾಕೆ ನಾಚ್ಕೆ."

ನಾನು ಕೂಸನ್ನು ಎತ್ತಿಕೊಂಡು ಹೊರಟೆ. ಅವನು ನಿಂತಿದ್ದದ್ದು ಥಿಯೇಟರ್ ಬಾಗಿಲ ಪಕ್ಕ, ಹಿಂದೆ ಬೇಸಿನ್ ಇದ್ದ ಜಾಗದಲ್ಲಿ. ಖಾಕಿ ಅಂಗಿ, ಕೈಯಲ್ಲಿ ಹಸಿರು ಬಾವುಟದ ಸುರುಳಿ, ಡ್ಯೂಟಿಯಿಂದ ಹಾಗೇ ಬಂದಿರಬೇಕು. ಬೈಯಲೆಂದು ವರ್ಷದಿಂದ ಕಟ್ಟಿಟ್ಟುಕೊಂಡ ಮಾತುಗಳು ನನ್ನ ಬಾಯಲ್ಲಿ ಸಾಲಾಗಿ ನಿಂತಿದ್ದವು. ಅವನು ತಲೆ ತಗ್ಗಿಸಿದ.

"ನೋಡ್ಕಳ್ರಿ, ನಿಮ್ಮ ಕಲ್ಲು" ಎಂದು ಕೂಸನ್ನು ಮುಂದೆ ಹಿಡಿದೆ.

ಅವನು ಬಾವುಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಚಾಚಿದ. ಅಂಗೈ ತುಂಬ ಹಳಿಯ ಎಣ್ಣೆಯ ಕಪ್ಪು.

"ಮೊದ್ಲು ಕೈ ತೊಳ್ಕಂಡು ಬರ್ರಿ" ಎಂದೆ.

ಅವನು ನಲ್ಲಿಯ ಹತ್ತಿರ ಹೋದ. ಸೋಪು ಕೇಳಿ ಇಸಿದುಕೊಂಡು, ಮೊಣಕೈತನಕ ತಿಕ್ಕಿ ತಿಕ್ಕಿ ತೊಳೆದು, ಒರೆಸಿಕೊಳ್ಳಲು ಶುದ್ಧವಾದದ್ದೇನೂ ಸಿಗದೆ, ನೀರು ತೊಟ್ಟಿಕ್ಕುವ ಕೈಗಳನ್ನು ಗಾಳಿಗೆ ಹಿಡಿದು ಅವು ಒಣಗುವ ತನಕ ಅಲ್ಲೇ ನಿಂತ.